ಮೂಗಿಗೆ ಹಿಡಿದ ಸೆರಗು

ಬನಹಟ್ಟಿಯಲ್ಲಿ ನಮ್ಮನ್ನು ಎದುರುಗೊಂಡದ್ದು ಮೂಗು ಮುಚ್ಚಿಕೊಂಡ ಒಂದು ಮುಖ. ಟೆಂಪೋದಿಂದ ಓವನ್ನು, ತಗಡಿನ ತಟ್ಟೆಗಳು, ಕೇಕಿನ ಅಚ್ಚುಗಳು ಎಲ್ಲ ಇಳಿದಾಗಿತ್ತು. ಕೊನೆಗೆ ನನ್ನ ಗಂಡ ಲೋಕೇಶ ಮೊಟ್ಟೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವುಚಿಕೊಂಡು ಇಳಿಸುತ್ತಿದ್ದ. ನಾವು ಬಾಡಿಗೆಗೆ ಹಿಡಿದಿದ್ದ ಅಂಗಡಿಯ ಒಡತಿ ಪದ್ಮಾವತಿಬಾಯಿ ಬೀಗದ ಕೈ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಟ್ರೇ ಕಂಡದ್ದೇ ತಡ, ಅವರ ಇಳಕಲ್ ಸೀರೆಯ ಸೆರಗು ಮೂಗಿಗೆ ಏರಿತು.

"ತತ್ತಿ ಏನ್ರಿ ಅವು?"

"ಮೊಟ್ಟೆ ಅಕ್ಕ," ಎಂದ ಲೋಕೇಶ ಹೆಮ್ಮೆಯಿಂದ.

"ಅದ, ತತ್ತಿ. ಬ್ರೆಡ್ ಅಂಗಡಿ ಇಡ್ತೇವಂತ ಹೇಳಿದ್ರಲ್ರಿ ನೀವು?"

ಬ್ರೆಡ್ಡೂ ಇರುತ್ತೆ, ಕೇಕೂ ಇರುತ್ತೆ, ದಿಲ್‌ಪಸಂದೂ ಇರುತ್ತೆ ಎಂದು ಲೋಕೇಶ ವಿವರಿಸತೊಡಗಿದ. ಆಕೆ ಕೇಳಿಸಿಕೊಳ್ಳಲಿಲ್ಲ. ನಾನು ಕೈ ಚಾಚಿ ನಿಂತಿದ್ದರೂ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕದೆ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು, ಎದುರಿನ ತಮ್ಮ ಮನೆಗೆ ನಡೆದುಬಿಟ್ಟರು. ಹೋದವರು ಬಾಗಿಲನ್ನೂ ಹಾಕಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಅವತ್ತು ಬೆಳಗಿನಿಂದ ಮೂಗು ಮುಚ್ಚಿಕೊಂಡು ಬಂದವಳು ನಾನು. ಮುಧೋಳ ದಾಟಿದ ಮೇಲೆ ಸಕ್ಕರೆ ಕಾರ್ಖಾನೆಯ ಕಡೆಯಿಂದ ಒಂದು ವಾಸನೆ ಬಂದು ಹೊಟ್ಟೆ ತೊಳಸಿ, ಟೆಂಪೋ ನಿಲ್ಲಿಸಿ ರಸ್ತೆ ಬದಿಯಲ್ಲಿ ಕಾರಿಕೊಂಡಿದ್ದೆ. ಅದು ಕಾಕಂಬಿಯ ವಾಸನೆ ಎಂದು ಡ್ರೈವರು ಹೇಳಿದ. ಸಕ್ಕರೆ ತೆಗೆದ ಮೇಲೆ ಉಳಿಯುವ ಕರೀ ಪಾಕ. ಸಕ್ಕರೆ ಇಷ್ಟು ಕೆಟ್ಟದಾಗಿ ನಾರಬಹುದೆಂದು ಚನ್ನರಾಯಪಟ್ಟಣದ ಕಡೆ ಹುಟ್ಟಿ ಬೆಳೆದ ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಅಂಥ ನಾತವನ್ನು ಸಹಿಸಿಕೊಂಡು ಇವರ ಊರಿಗೆ ಬಂದರೆ, ನಮ್ಮ ಮೊಟ್ಟೆಗೆ ಇವರು ಮೂಗು ಮುಚ್ಚಿಕೊಳ್ಳುತ್ತಾರಲ್ಲ!

ನಮ್ಮ ಕಡೆಯವರಿಗೆ ಬೇಕರಿಯ ವಿಷಯ ಹೇಳಬೇಕಾಗಿಲ್ಲ. ಅಲ್ಲಿ ಓದು ತಲೆಗೆ ಹತ್ತದ ಗಂಡುಮಕ್ಕಳೆಲ್ಲ ಬೇಕರಿ ಹತ್ತುತ್ತಾರೆ. ಯಾವ ಜಿಲ್ಲೆಗೆ ಹೋದರೂ, ಬಸ್‌ಸ್ಟ್ಯಾಂಡಿನ ಎದುರು ನಮ್ಮ ಕಡೆಯವನೊಬ್ಬ ಬಿಳಿ ಬನಿಯನ್ ಹಾಕಿಕೊಂಡು ಬನ್ ಬೇಯಿಸುತ್ತಿರುತ್ತಾನೆ. ಲೋಕೇಶನ ಅಣ್ಣ ತುಮಕೂರಿನಲ್ಲಿ ಹಾಗೆಯೇ ದೊಡ್ಡವನಾದ. ಲೋಕೇಶ ಅವನ ಕೈಕೆಳಗೆ ಹಿಟ್ಟು ನಾದುತ್ತಿದ್ದ. ನಾನು ಓರಗಿತ್ತಿಯ ಕಣ್ಣ ಕೆಳಗೆ ತಟ್ಟೆ ಉಜ್ಜುತ್ತಿದ್ದೆ. ಉಜ್ಜಿದ ತಟ್ಟೆಯನ್ನು ಆಕೆ ಬೆಳಕಿಗೆ ಹಿಡಿದು ನೋಡಿ, ಒಂದು ಮಾತೂ ಆಡದೆ ಮತ್ತೆ ನನ್ನ ಮುಂದೆ ಇಡುತ್ತಿದ್ದಳು. ಆ ಜೀವನ ನನಗೆ ಅಸಹ್ಯವಾಗಿತ್ತು. ನಾನೇ ಹಠ ಹಿಡಿದು ಲೋಕೇಶನನ್ನು ಹೊರಡಿಸಿದ್ದು. ಭಾವ ತಮ್ಮ ಹಳೇ ಓವನ್ ಕೊಟ್ಟು, ಒಂದೇ ಮಾತು ಹೇಳಿದ್ದರು: "ಮುಂದಿನ ಸಂಕ್ರಾಂತಿವರ್ಗೂ ನೋಡ್ತೀನಿ. ಓಡಿಲ್ಲ ಅಂದ್ರೆ ನಾನೇ ಟೆಂಪೋ ತಗೊಂಡ್ ಬತ್ತೀನಿ. ಓವನ್ನೂ ಹತ್ತಿಸ್ಕತೀನಿ, ನಿಮ್ಮನ್ನೂ ಹತ್ತಿಸ್ಕತೀನಿ."

ಆ ಟೆಂಪೋ ಹತ್ತಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದ ಮಾತು.

ಮನೆ ಅಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ಅದರ ಗೋಡೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಬೆಳಕು ಹರಿಯುವ ಮೊದಲೇ ಮಗ್ಗಗಳು ಖಟಪಟ ಶುರುಮಾಡಿದರೆ ಗೋಡೆಗೆ ತೂಗುಹಾಕಿದ ಕನ್ನಡಿ ನಡುಗಿ ನನ್ನ ಮುಖವೇ ಎರಡಾಗಿ ಕಾಣುತ್ತಿತ್ತು. ನೂಲಿನ ಧೂಳು ಕಿಟಕಿಯಿಂದ ಬಂದು ಕ್ರೀಮಿನ ಮೇಲೆ ಕೂರುತ್ತಿತ್ತು. ಕರೆಂಟು ಹೋದಾಗ ಮಾತ್ರ ಊರಿಗೆ ಊರೇ ಸುಮ್ಮನಾಗುತ್ತಿತ್ತು. ಆಗ ನಮ್ಮ ಓವನ್ನೂ ಸುಮ್ಮನಾಗುತ್ತಿತ್ತು. ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದರೆ ಕೆಳಗಡೆ ಯಾರೋ ಪುಣ್ಯಾತ್ಮರು ಉಗುಳಿಹೋದ ಗುಟ್ಕಾದ ಕೆಂಪು. ಬಕೆಟ್ಟು ನೀರು, ಕಡ್ಡಿಪೊರಕೆ, ವಾಕರಿಕೆ — ಇದು ನನ್ನ ಸುಪ್ರಭಾತ. ನಮ್ಮ ಕಡೆ ಉಗುಳುವವರಿಲ್ಲವೆಂದಲ್ಲ. ಆದರೆ ನಮ್ಮೂರಿನ ಉಗುಳನ್ನು ನಾನು ತೊಳೆದಿರಲಿಲ್ಲ.

ಮಾತೂ ಹಾಗೆಯೇ ಚುಚ್ಚುತ್ತಿತ್ತು. ಇಲ್ಲಿ ಹೆಂಗಸರು ಹೆಂಗಸರನ್ನು 'ಬೇ' ಎನ್ನುತ್ತಾರೆ. "ಏನ್ ಬೇ", "ಬಾ ಬೇ". ಅದು ಸಲಿಗೆಯ ಮಾತು, ಹತ್ತಿರದವರಿಗೆ ಮಾತ್ರ ಅನ್ನುವುದು ಎಂದು ತಿಳಿಯುವ ಮೊದಲು ನನಗೆ ಅದು ಬೈಗುಳದಂತೆ ಕೇಳಿ ಕಿವಿ ಕೆಂಪಾಗುತ್ತಿತ್ತು. ಗೊತ್ತಾದ ಮೇಲೆ ಇನ್ನೊಂದು ಸಂಕಟ: ಓಣಿಯಲ್ಲಿ ಒಬ್ಬರಿಗೊಬ್ಬರು ಬೇ ಅಂದುಕೊಳ್ಳುವವರು ನನ್ನನ್ನು ಕಂಡರೆ ಮಾತ್ರ 'ರೀ' ಹಚ್ಚುತ್ತಿದ್ದರು. ಆ ರೀ ಎಷ್ಟು ತಣ್ಣಗಿರುತ್ತಿತ್ತೆಂದರೆ ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು. ದಿನಗಟ್ಟಲೆ ಲೋಕೇಶನನ್ನು ಬಿಟ್ಟರೆ ನಾನು ಮಾತಾಡಿದ್ದು ಬರೀ ಹಿಟ್ಟಿನ ಜೊತೆ. ಒಮ್ಮೊಮ್ಮೆ ಜೋರಾಗಿಯೇ ಮಾತಾಡುತ್ತಿದ್ದೆ.

ವ್ಯಾಪಾರ ಕೇಳಬೇಡಿ. ಸಂಜೆ ಏಳು ಗಂಟೆಗೆ ಬಿಸಿ ಪಫ್ಸು, ಖಾರಾ ಬನ್ನು ತಟ್ಟೆತುಂಬ ಹೊರಗೆ ಬರುತ್ತಿದ್ದವು. ತುಮಕೂರಿನಲ್ಲಿ ಆ ಹೊತ್ತಿಗೆ ಜನ ಮುಗಿಬೀಳುತ್ತಿದ್ದರು. ಇಲ್ಲಿ ನಾವಿಬ್ಬರೇ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದೆವು. ಊರಲ್ಲಿ ಮೊಟ್ಟೆ ತಿನ್ನುವವರಿಗೇನೂ ಬರವಿರಲಿಲ್ಲ. ಆದರೆ ಅವರು ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಆಮ್ಲೆಟ್ ತಿನ್ನುತ್ತಿದ್ದರು. ನಮಗೆ ಸಿಕ್ಕ ಓಣಿ ಲಿಂಗಾಯತರು ಮತ್ತು ಜೈನರು ತಲೆತಲಾಂತರದಿಂದ ಇರುವ ಓಣಿ. ಅಲ್ಲಿ ಎಲ್ಲರೂ ಪದ್ಮಾವತಿಬಾಯಿಯ ಕಡೆ ನೋಡಿ ಹೆಜ್ಜೆ ಇಡುವವರು. ತೇರದಾಳದ ದೊಡ್ಡ ಜೈನ ಮನೆತನದ ಮಗಳು, ಹೊಲ, ಅರಿವೆ ವ್ಯಾಪಾರ ಎರಡೂ ಇದ್ದ ಮನೆಯ ಸೊಸೆ. ಆಕೆ ಬಸದಿಗೆ ಹೋಗುವಾಗ ನಮ್ಮ ಅಂಗಡಿ ಬಂತೆಂದರೆ ಸೆರಗು ಮೂಗಿಗೆ. ದಾಟಿದ ಮೇಲೆ ಕೆಳಗೆ. ಹಿಂದೆ ಬರುತ್ತಿದ್ದ ಹೆಂಗಸರೂ ಹಾಗೆಯೇ. ಗಿರಾಕಿಗಳಿಗೆ ಇದಕ್ಕಿಂತ ದೊಡ್ಡ ಬೋರ್ಡು ಇನ್ನೇನು ಬೇಕು?

ಲೋಕೇಶನ ಬಳಿ ಪ್ರತಿ ಋತುವಿಗೂ ಒಂದು ನೆಪವಿತ್ತು. ಬೇಸಿಗೆಯಲ್ಲಿ, "ಈ ಬಿಸ್ಲಿಗೆ ಕ್ರೀಮ್ ನಿಲ್ಲಲ್ಲ ಕಣೆ." ಮಳೆ ಬಂದರೆ, "ಬ್ರೆಡ್ಡು ಬೂಸ್ಟು ಹಿಡೀತದೆ, ಏನ್ ಮಾಡಾದು." ಶ್ರಾವಣ ಬಂತೆಂದರೆ, "ಊರೆಲ್ಲ ಉಪವಾಸ." ಏನೂ ಇಲ್ಲದಿದ್ದರೆ, "ಇಲ್ಲಿನ ಜನಕ್ಕೆ ಟೇಸ್ಟೇ ಇಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಚುಚ್ಚುತ್ತಿದ್ದೆ. ಅವನು ಮೊಬೈಲ್ ತೆಗೆದು, ಗೆಲುವಿನ ಬಗ್ಗೆ ಭಾಷಣ ಮಾಡುವ ಒಬ್ಬ ಕೋಟಿನ ಮನುಷ್ಯನ ವಿಡಿಯೋ ಹಾಕಿಕೊಳ್ಳುತ್ತಿದ್ದ. ಗಿರಾಕಿ ಇಲ್ಲದ ಅಂಗಡಿಯಲ್ಲಿ ಆ ಮನುಷ್ಯ ಇಡೀ ದಿನ ಅರಚುತ್ತಿದ್ದ: ಮನಸ್ಥಿತಿ ಬದಲಿಸಿ, ಬದುಕು ಬದಲಾಗುತ್ತದೆ!

ಆ ಕೋಟಿನ ಮನುಷ್ಯ ಖುದ್ದಾಗಿ ಜಮಖಂಡಿಗೆ ಬಂದ. ಸಣ್ಣ ವ್ಯಾಪಾರಸ್ಥರಿಗೆಂದು ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ನಮ್ಮ ಕಡೆಯ ಕಲ್ಯಾಣ ಮಂಟಪದಲ್ಲಿ, ಸಭೆ. ಲೋಕೇಶ ಅಂಗಡಿ ಮುಚ್ಚಿಸಿ ನನ್ನನ್ನೂ ಎಳೆದುಕೊಂಡು ಹೋದ. ಸೆಕೆಯಲ್ಲಿ ಬೆವೆತು ನೀರಾಗಿದ್ದರೂ ಆತ ಕೋಟು ಬಿಚ್ಚಲಿಲ್ಲ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಎದೆ ತಟ್ಟಿಕೊಂಡು "ನಾನು ಸಿಂಹ" ಎಂದು ಕೂಗಿಸಿದ. ಕಿರಾಣಿ ಅಂಗಡಿಯವರು, ಟೇಲರುಗಳು, ಸೈಕಲ್ ರಿಪೇರಿಯವರು, ಎಲ್ಲ ಸಿಂಹಗಳಾದರು. ನನ್ನ ಪಕ್ಕದ ಸಿಂಹ ಎಲೆಯಡಿಕೆ ಜಗಿಯುತ್ತಿತ್ತು. ಗರ್ಜಿಸಿದಾಗ ನನ್ನ ತೋಳಿನ ಮೇಲೆ ಕೆಂಪು ಹನಿ ಬಿತ್ತು. ಥೂ!

ಆಮೇಲೆ ಆತ ಮೈಕು ಕೈಗೆ ಕೊಟ್ಟು ಒಬ್ಬೊಬ್ಬರ ನೆಪ ಹೇಳಿಸಿದ. ಒಬ್ಬ ಹೆಂಡತಿಯ ತವರಿನ ಮೇಲೆ ಹಾಕಿದ, ಇನ್ನೊಬ್ಬ ರಸ್ತೆ ಅಗಲ ಮಾಡಿದವರ ಮೇಲೆ. ಮೈಕು ಲೋಕೇಶನ ಕೈಗೆ ಬಂತು. ಬಿಸಿಲು, ಮಳೆ, ಶ್ರಾವಣ ಏನೋ ಒಂದು ಹೇಳುತ್ತಾನೆ ಅಂದುಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು ಅವನು ಹೇಳಿದ: "ನಮ್ಮ ಮನೆಯವರಿಗೆ ಈ ಊರು ಹಿಡಿಸ್ತಿಲ್ಲ ಸಾರ್. ದಿನಾ ಬೆಳಗಾದ್ರೆ ನಾತ, ನಾತ ಅಂತಾರೆ. ಗಿರಾಕಿ ಬಂದ್ರೂ ಮುಖ ಸಿಂಡರಿಸ್ಕಂಡೇ ಇರ್ತಾರೆ. ಹೆಂಗೆ ವ್ಯಾಪಾರ ಮಾಡ್ಲಿ?"

ಕಾರ್ಯಾಲಯ ಗೊಳ್ಳೆಂದಿತು. "ಬದಲಾಗಬೇಕಾದ್ದು ಊರಲ್ಲ, ಮನಸ್ಸು!" ಎಂದು ಕೋಟಿನ ಮನುಷ್ಯ ನನ್ನ ಕಡೆಗೇ ಬೆರಳು ತೋರಿಸಿದ. ಚಪ್ಪಾಳೆ ಬಿತ್ತು. ನಾನು ಎದ್ದು ಹೊರಗೆ ಬಂದು, ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಿ ಮೆಟ್ಟಿಕೊಂಡು, ಒಬ್ಬಳೇ ಬಸ್ ಹತ್ತಿ ಬನಹಟ್ಟಿಗೆ ಬಂದೆ. ದಾರಿಯುದ್ದಕ್ಕೂ ಲೋಕೇಶನನ್ನು ಬೈದುಕೊಂಡೆ. ನನ್ನ ಗಂಡನ ನೆಪ ನಾನಂತೆ!

ಸಿಟ್ಟು ಇಳಿಯದೆ ಇರುವಾಗಲೇ ನಳದಲ್ಲಿ ನೀರು ನಿಂತಿರುವುದು ಕಂಡಿತು. ಕೇಳೋಣವೆಂದು ಎದುರುಮನೆಗೆ ಹೋದೆ. ಪದ್ಮಾವತಿಬಾಯಿ ಪಡಸಾಲೆಯಲ್ಲಿ ಅವರೆಕಾಳು ಸುಲಿಯುತ್ತಿದ್ದರು. ನಾನು ಹೊಸ್ತಿಲ ಮೇಲೆ ಕಾಲಿಟ್ಟಿದ್ದೆನೋ ಇಲ್ಲವೋ, ಸೆರಗು ಏರಿತು.

"ಅಲ್ಲೇ ಕಟ್ಟಿ ಮ್ಯಾಲ ಕುಂದರ್ರಿ. ಒಳಗ ಬರಬ್ಯಾಡ್ರಿ."

"ಯಾಕೆ, ನಾನೇನು ಮೊಟ್ಟೆ ಹಿಡ್ಕೊಂಡು ಬಂದಿದ್ದೀನಾ?"

"ಕೈಯಾಗಿಲ್ಲ, ಖರೆ. ನಿಮ್ಮ ಮೈಯಾಗ ಐತ್ರಿ. ಸೀರ್ಯಾಗ ಐತಿ, ಕೂದಲಾಗ ಐತಿ. ನೀವು ಓಣ್ಯಾಗ ಹೊಂಟ್ರ ನನಗ ಗೊತ್ತಾಕ್ಕೈತಿ."

ನನಗೆ ತಡೆಯಲಾಗಲಿಲ್ಲ. "ನಿಮ್ಮೂರು ಗುಟ್ಕಾ ನಾತ ಹೊಡೆಯುತ್ತೆ, ಕಾಕಂಬಿ ನಾತ ಹೊಡೆಯುತ್ತೆ. ಅದು ನಿಮ್ಮ ಮೂಗಿಗೆ ಬರಲ್ವಾ?"

ಬಾಗಿಲು ತೋರಿಸುತ್ತಾರೆ ಅಂದುಕೊಂಡೆ. ಆಕೆ ಕಾಳು ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಮೊದಲ ಬರ್ತಿತ್ತು. ಈಗ ರೂಢಿ ಆಗೇತಿ. ನಿಮಗ ನಿಮ್ಮದು ರೂಢಿ ಆಗೇತಿ. ಆದ್ರ ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾವ್ಯಾರೂ ನಮ್ಮೂರ ನಾತ ತಟ್ಟ್ಯಾಗ ಇಟಗೊಂಡು ನಿಮ್ಮೂರಿಗೆ ಮಾರಾಕ ಬಂದಿಲ್ಲ. ನೀವು ಬನ್ ಮಾರಾಕ ಬಂದೀರೋ, ನಿಮ್ಮೂರ ವಾಸನಿ ಮಾರಾಕ ಬಂದೀರೋ?"

"ಬನ್‌ಗೆ ನಾವು ಮೊಟ್ಟೆ ಹಾಕಲ್ಲ."

"ಹಂಗಾದ್ರ ಅದರ ನೆತ್ತಿ ಯಾಕ ಹಂಗ ಮಿಂಚತೈತಿ?"

ನಾನು ಹೊಸ್ತಿಲಿನಿಂದ ಕಾಲು ಹಿಂದೆ ತೆಗೆದೆ. ಬನ್ನಿನ ಹಿಟ್ಟಿಗೆ ಮೊಟ್ಟೆ ಹಾಕುವುದಿಲ್ಲ. ಆದರೆ ಓವನ್ನಿಗೆ ಹೋಗುವ ಮೊದಲು ಬ್ರಶ್ಶಿನಲ್ಲಿ ಮೇಲೆ ಮೊಟ್ಟೆ ಸವರುತ್ತೇವೆ, ಹೊಳಪಿಗೆ. ಅದನ್ನು ನಮ್ಮ ಕಡೆ ಯಾವ ಬೇಕರಿಯವನೂ ಮೊಟ್ಟೆ ಎಂದು ಎಣಿಸುವುದಿಲ್ಲ. ದೇವರ ಮೇಲೆ ಆಣೆ ಇಟ್ಟು ಬನ್ನಿನಲ್ಲಿ ಮೊಟ್ಟೆಯಿಲ್ಲ ಎನ್ನುತ್ತೇವೆ, ನಂಬಿಕೊಂಡೇ ಎನ್ನುತ್ತೇವೆ.

ಕೋಣೆಗೆ ಬಂದು ಕದ ಹಾಕಿಕೊಂಡು ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಏನೂ ಬರಲಿಲ್ಲ. ಜಡೆ ಮುಂದೆ ತಂದು ಮೂಸಿದೆ. ಏನೂ ಇಲ್ಲ. ಇಡೀ ಊರಿನ ನಾತವನ್ನು ಹೆಸರು ಹಿಡಿದು ಹೇಳುವ ನನ್ನ ಮೂಗಿಗೆ ನನ್ನದೇ ಮೈಯ ವಾಸನೆ ಗೊತ್ತಿರಲಿಲ್ಲ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಬಿಸಿಲು ಲೋಕೇಶನ ನೆಪವಾದರೆ, ಅಸಹ್ಯ ನನ್ನ ನೆಪವಾಗಿತ್ತು. ಈ ಊರು ಹೊಲಸು ಎಂದು ದಿನಾ ಅಂದುಕೊಂಡರೆ ಸಾಕು, ಅಂಗಡಿ ಯಾಕೆ ಓಡುತ್ತಿಲ್ಲ ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ಆ ಕೋಟಿನ ಮನುಷ್ಯ ಹೇಳಿದ್ದೂ ಇದೇ ಇರಬಹುದೆಂದು ಹೊಳೆದು ಇನ್ನಷ್ಟು ಕಸಿವಿಸಿಯಾಯಿತು. ಇರಲಿ. ಅವನಿಗೆ ಮಾತ್ರ ಆ ಪುಣ್ಯ ಕೊಡಲಾರೆ.

ಲೋಕೇಶ ಬಂದಾಗ ನಾನು ಮೊಟ್ಟೆಯ ಟ್ರೇಗಳನ್ನು ಹೊರಗೆ ಇಟ್ಟಿದ್ದೆ. "ಇವತ್ತಿಂದ ಮೊಟ್ಟೆ ಬಂದ್," ಎಂದೆ. ಮೊಟ್ಟೆಯಿಲ್ಲದ ಕೇಕು ಕೇಕೇ ಅಲ್ಲ ಎಂದ. ಅಣ್ಣ ಉಗೀತಾನೆ ಎಂದ. ಹೊಳಪು ಬರಲ್ಲ ಎಂದ. ಜಗಳ ಜೋರಾಗಿಯೇ ಆಯಿತು. ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಅದೊಂದು ಅನುಕೂಲ. ಕೊನೆಗೆ ಅವನು ಒಪ್ಪಿದ್ದು ಬೋರ್ಡಿಗೆ. 'ಇಲ್ಲಿ ಮೊಟ್ಟೆ ರಹಿತ ತಿನಿಸು ದೊರೆಯುತ್ತದೆ' ಎಂದು ಹಸಿರು ಬಣ್ಣದಲ್ಲಿ ಬರೆಸಿ ತೂಗುಹಾಕಿದ. ಮೊಟ್ಟೆ ನಿಲ್ಲಿಸಿದ್ದು ನಿಜವೇ; ಬೋರ್ಡಿನಲ್ಲಿ ಸುಳ್ಳಿರಲಿಲ್ಲ. ಆದರೂ ಯಾರೂ ಬರಲಿಲ್ಲ. ಪದ್ಮಾವತಿಬಾಯಿ ಬಸದಿಯಿಂದ ಬರುವಾಗ ನಿಂತು, ಬೋರ್ಡನ್ನು ನಿಧಾನವಾಗಿ ಓದಿದರು. ಸೆರಗು ಮೂಗಿನ ಮೇಲೆಯೇ ಇತ್ತು.

"ಹಲಗಿ ಬದಲಿ ಮಾಡೀರಿ. ಒಲಿ ಬದಲಿ ಮಾಡೀರೇನು?"

"ಓವನ್ನು ಅದೇ ಅಕ್ಕ," ಎಂದ ಲೋಕೇಶ.

"ತಟ್ಟಿ?"

"ಅವೂ ಅವೇ."

"ಹಂಗಾದ್ರ ತತ್ತಿ ಮನಸ್ಸಿನ್ಯಾಗಷ್ಟ ಬಿಟ್ಟೀರಿ. ತಟ್ಟ್ಯಾಗ ಬಿಟ್ಟಿಲ್ಲ." ಹೋದರು.

ಮನಸ್ಸು ಬದಲಿಸಲು ಹುಣಸೆಹಣ್ಣು ಬೇಡ, ಸೋಡಾ ಬೇಡ. ತಟ್ಟೆ ಬದಲಿಸಲು ಬೇಕು. ಕೋಟಿನ ಮನುಷ್ಯ ಬಿಟ್ಟುಬಿಟ್ಟ ಪಾಠ ಇದು. ಅಂಗಡಿ ಮುಚ್ಚಿದೆವು. ಹಳೆಯ ಅಚ್ಚು, ಬ್ರಶ್ಶು, ತಟ್ಟೆ ಎಲ್ಲವನ್ನೂ ಮೂಟೆ ಕಟ್ಟಿ ತುಮಕೂರಿಗೆ ಲಾರಿಗೆ ಹಾಕಿದೆವು. ಹೊಸ ತಗಡು ಜಮಖಂಡಿಯಿಂದ ತಂದೆವು. ಓವನ್ನಿನ ಒಳಗೆ ತಲೆ ತೂರಿಸಿ, ಹುಣಸೆಹಣ್ಣು, ಸೋಡಾ ಹಾಕಿ ನಾನೇ ಉಜ್ಜಿದೆ. ಮೂಲೆಯಲ್ಲಿ ವರ್ಷಗಳ ಕರಿ, ಜಿಡ್ಡು, ಹಳದಿ ಹೆಪ್ಪು. ಉಗುರಿನ ಸಂದಿಗೆ ಸೇರಿಕೊಂಡದ್ದು ಊಟ ಮಾಡುವಾಗಲೂ ಹೋಗುತ್ತಿರಲಿಲ್ಲ. ಇಷ್ಟು ದಿನ ಇದರೊಳಗೆ ಬೆಂದದ್ದನ್ನೇ ನಾವು ಜನರಿಗೆ ಕೊಡುತ್ತಿದ್ದೆವಲ್ಲ ಎಂದು ಹೇಸಿಗೆಯಾಯಿತು. ಓರಗಿತ್ತಿ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದುದು ನೆನಪಾಗಿ, ಅವಳು ಓವನ್ನಿನ ಒಳಗೆ ಯಾವತ್ತಾದರೂ ನೋಡಿದ್ದಳೇ ಎಂದು ಕೇಳಬೇಕೆನಿಸಿತು. ಆಮೇಲೆ ಖಾಲಿ ಓವನ್ನನ್ನು ಇಡೀ ದಿನ ಉರಿಸಿದೆವು. ಮೊದಲು ಬಂದ ಹೊಗೆಗೆ ಲೋಕೇಶನೇ ಹೊರಗೆ ಓಡಿದ. "ಏನೇ ಇದು, ಇಷ್ಟು ವಾಸ್ನೆ!" ಎಂದ. ನಾನು ಉರಿಯನ್ನು ಇನ್ನಷ್ಟು ಹೆಚ್ಚಿಸಿದೆ.

ಮೂಟೆ ತಲುಪಿದ ದಿನ ಭಾವನ ಫೋನು: "ತಟ್ಟೆ ಬಂದ್ವು. ಇನ್ನು ಓವನ್ ಯಾವಾಗ?"

ಮೊದಮೊದಲ ಕೇಕುಗಳು ಇಟ್ಟಿಗೆಯಂತಿದ್ದವು. ಸೋಡಾ ಹೆಚ್ಚಾದರೆ ಕಹಿ, ಮೊಸರು ಹೆಚ್ಚಾದರೆ ನಡುವೆ ಕುಸಿತ. ಪಕ್ಕದ ಶೆಡ್ಡಿನ ನೇಕಾರರಿಗೆ ಸುಮ್ಮನೆ ಕೊಟ್ಟರೆ ಒಬ್ಬ ಹೇಳಿದ, "ಛಲೋ ಐತ್ರಿ ಅಕ್ಕಾರ, ಆದ್ರ ಇದು ಏನ್ರಿ?" ಹೊಳಪಿನ ಸಮಸ್ಯೆ ಬೇರೆ. ಬರೀ ಹಾಲು ಸವರಿದರೆ ಬನ್ನು ರೋಗಿಯ ಮುಖದ ಹಾಗೆ ಕಾಣುತ್ತಿತ್ತು. ಕೊನೆಗೆ ಹಾಲಿಗೆ ತೆಳ್ಳಗಿನ ಬೆಲ್ಲದ ನೀರು ಬೆರೆಸಿ ಸವರಿ ನೋಡಿದೆ. ಒಳ್ಳೆ ಕಂದುಬಣ್ಣ, ಮೇಲೆ ಮಿಂಚು. ಬೆಲ್ಲಕ್ಕೆ ಇಲ್ಲಿ ಬರವೇ? ಯಾವ ಕಬ್ಬಿನ ನಾತಕ್ಕೆ ರಸ್ತೆ ಬದಿಯಲ್ಲಿ ಕಾರಿಕೊಂಡಿದ್ದೆನೋ ಅದೇ ಕಬ್ಬು. ಪಫ್ಸಿಗೆ ಆಲೂಗಡ್ಡೆ, ಈರುಳ್ಳಿ ಬಿಟ್ಟು ಬಾಳೆಕಾಯಿ ಹಾಕಿದೆ. ನೆಲದೊಳಗೆ ಬೆಳೆಯುವ ಗೆಡ್ಡೆಗಳನ್ನು ಜೈನರು ತಿನ್ನುವುದಿಲ್ಲವೆಂದು ಅಷ್ಟು ಹೊತ್ತಿಗೆ ಕೇಳಿ ತಿಳಿದುಕೊಂಡಿದ್ದೆ. ಮೊದಲೇ ಕೇಳಬಹುದಿತ್ತು. ಕೇಳಿದರೆ ಯಾರೂ ಹೊಡೆಯುತ್ತಿರಲಿಲ್ಲ.

ಎಲ್ಲ ಆದ ಮೇಲೆ ಹೋಗಿ ಪದ್ಮಾವತಿಬಾಯಿಯ ಕಟ್ಟೆಯ ಮೇಲೆ ಕೂತೆ. "ಬಂದು ನೋಡಿ," ಎಂದೆ. ತಿನ್ನಿ ಅನ್ನಲಿಲ್ಲ.

ಆಕೆ ಮೂಗಿಗೆ ಸೆರಗು ಹಿಡಿದೇ ಬಂದರು. ಹಿಂದೆ ಓಣಿಯ ಹೆಂಗಸರು. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದರು. ಬ್ರಶ್ಶು ಮುಟ್ಟದೆ ಬಗ್ಗಿ ನೋಡಿದರು. ಆಮೇಲೆ ತಣ್ಣಗಿದ್ದ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗನ್ನು ಕೆಳಗಿಳಿಸಿ, ತಲೆಯನ್ನು ಒಳಗೆ ತೂರಿಸಿದರು. ಜೋರಾಗಿ ಉಸಿರೆಳೆದುಕೊಂಡದ್ದು ನಮಗೆಲ್ಲ ಕೇಳಿಸಿತು. ಲೋಕೇಶ ಬಾಗಿಲ ಬಳಿ ಕೈಮುಗಿದುಕೊಂಡು ನಿಂತಿದ್ದ. ತಲೆ ಹೊರಗೆ ಬಂತು. ಮೂಗಿನ ತುದಿಗೆ ಸ್ವಲ್ಪ ಮಸಿ ಹತ್ತಿತ್ತು. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಒಲಿ ಹಚ್ಚರಿ," ಎಂದರು.

"ಸಂಜೆ ಏಳಕ್ಕೆ ಬಿಸಿಬಿಸಿ ಬರುತ್ತೆ ಅಕ್ಕ," ಎಂದ ಲೋಕೇಶ ಖುಷಿಯಲ್ಲಿ.

"ಏಳಕ್ಕ ಯಾರಿಗ್ರಿ? ಹೊತ್ತು ಮುಳಗಿದ ಮ್ಯಾಲ ನಾವು ಬಾಯಾಗ ಹನಿ ನೀರ ಹಾಕಂಗಿಲ್ಲ. ಇಷ್ಟು ದಿನಾ ನಾವು ಊಟಾ ಮುಗಿಸಿ ಬಾಯಿ ತೊಳಕೊಂಡ ಮ್ಯಾಲನ ನಿಮ್ಮ ಖಾರಾ ಬನ್ ಹೊರಗ ಬರ್ತಿತ್ತು! ನಾನಂತೂ ಬೇಕಂತನ ಮಾಡಾಕತ್ತಾರ ಅಂತ ತಿಳಿದಿದ್ದೆ."

ಅವತ್ತಿನಿಂದ ನಮ್ಮ ಓವನ್ನು ಮಧ್ಯಾಹ್ನ ಊಟವಾದ ಕೂಡಲೇ ಉರಿಯುತ್ತದೆ. ನಾಲ್ಕಕ್ಕೆ ಬನ್ನು ಹೊರಗೆ. ಪದ್ಮಾವತಿಬಾಯಿ ಮೊದಲ ಬನ್ನನ್ನು ತಮ್ಮದೇ ಡಬ್ಬಿಯಲ್ಲಿ ಹಾಕಿಸಿಕೊಂಡು ಹೋದರು. ಅಂಗಡಿಯಲ್ಲಿ ನಿಂತು ತಿನ್ನುವ ಜಾತಿಯಲ್ಲ ಆಕೆ. ರುಚಿ ಹೇಗಿತ್ತೆಂದು ಹೇಳಲಿಲ್ಲ. ಮರುದಿನ ಮತ್ತೆ ಡಬ್ಬಿ ಬಂತು, ಈ ಸಲ ದೊಡ್ಡದು. ಅದರ ಹಿಂದೆ ಓಣಿಯ ಡಬ್ಬಿಗಳೆಲ್ಲ ಬಂದವು. ಅವರ ಪರ್ವದ ದಿನಗಳಲ್ಲಿ ಹುದುಗು ಬಂದದ್ದನ್ನು ಅವರು ಮುಟ್ಟುವುದಿಲ್ಲವೆಂದು ಬನ್ನು, ಬ್ರೆಡ್ಡು ನಿಂತುಹೋದವು. ಲೋಕೇಶ "ನೋಡಿದ್ಯಾ" ಎಂದು ಹೊಸ ನೆಪಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನು ಹುದುಗಿಲ್ಲದ ಶೇಂಗಾ ಬಿಸ್ಕತ್ತಿಗೆ ಕಲಸಿಟ್ಟಿದ್ದೆ. ಬಾಯಿ ಮುಚ್ಚಿ ಉಂಡೆ ಕಟ್ಟಿದ. ಈಗ ವಿಡಿಯೋ ನೋಡಲು ಅವನಿಗೆ ಪುರುಸೊತ್ತಿಲ್ಲ.

ಸಂಕ್ರಾಂತಿಗೆ ಭಾವ ಹೇಳಿದ ಹಾಗೆ ಟೆಂಪೋ ತಂದರು. ಬಂದದ್ದು ನಾಲ್ಕರ ಹೊತ್ತಿಗೆ. ಅಂಗಡಿ ಮುಂದೆ ಡಬ್ಬಿ ಹಿಡಿದ ಹೆಂಗಸರು. ದಾರಿ ಬಿಡಿ ಎಂದರೆ ಯಾರೂ ಬಿಡಲಿಲ್ಲ, ಹಿಂದೆ ನಿಲ್ಲಿ ಎಂದು ಬೈದರು. ಹೊತ್ತು ಮುಳುಗುವ ಮುನ್ನ ತಟ್ಟೆಗಳು ಖಾಲಿ. ಭಾವನಿಗೆಂದು ತೆಗೆದಿಟ್ಟ ಕೇಕನ್ನು ಕೊಟ್ಟೆ. ಕಚ್ಚಿದರು, ಮುಖ ಹುಳ್ಳಗೆ ಮಾಡಿದರು, ಎದ್ದುಹೋಗಿ ಬಚ್ಚಲಲ್ಲಿ ಉಗುಳಿ ಬಂದರು.

"ಥೂ, ಇದನ್ನ ಕೇಕು ಅಂತ ಮಾರ್ತೀಯೇನಮ್ಮ? ಇದು ಬೇಕರಿಯಲ್ಲ, ಗುಡಿ."

"ಓವನ್ ಹತ್ತಿಸ್ತೀರಾ?" ಎಂದು ಕೇಳಿದೆ.

ಖಾಲಿ ತಟ್ಟೆಗಳನ್ನು ಮತ್ತೊಮ್ಮೆ ನೋಡಿದರು. "ಇರ್ಲಿ ಬಿಡು, ಹಳೇದು," ಎಂದರು. ಟೆಂಪೋ ಖಾಲಿಯೇ ಹೋಯಿತು. ನಾನು ಕಣ್ಣಿಗೆ ಕಾಣುವವರೆಗೂ ನಿಂತು ನೋಡಿದೆ. ಮೈಮೇಲಿನ ಹೊರೆ ಇಳಿದಂತಾಗಿ, ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಒಂದು ಕೋಟು ಹೊಲಿಸಿಕೊಂಡು ಭಾಷಣಕ್ಕೆ ಹೊರಡಬಹುದಿತ್ತು. ಆದರೆ ಇನ್ನೊಂದು ಮಾತು ಇದೆ.

ಹೋದ ಯುಗಾದಿಗೆ ಅಂಗಡಿಯನ್ನು ಲೋಕೇಶನಿಗೆ ಬಿಟ್ಟು ತವರಿಗೆ ಹೋಗಿದ್ದೆ. ಬನಹಟ್ಟಿಗೆ ಬಂದ ಮೇಲೆ ಅದೇ ಮೊದಲು. ಅವ್ವ ತಮ್ಮನ ಸಂಸಾರದ ಜೊತೆಗಿದ್ದಾಳೆ. ಗಟ್ಟಿಮುಟ್ಟಾಗಿ ಎಲ್ಲರ ಮೇಲೂ ದರ್ಬಾರು ಮಾಡಿಕೊಂಡಿದ್ದಾಳೆ. ಮಗಳು ಬರುತ್ತಾಳೆಂದು ಸೊಸೆಯನ್ನು ಒಲೆಯ ಹತ್ತಿರ ಬಿಡದೆ ತಾನೇ ಅಡಿಗೆ ಮಾಡಿದ್ದಳು. ಮುದ್ದೆ, ಮೊಟ್ಟೆ ಸಾರು. ಚಿಕ್ಕಂದಿನಲ್ಲಿ ಮೊಟ್ಟೆ ಸಾರು ಅಂದರೆ ನಾನು ತಟ್ಟೆ ನೆಕ್ಕುತ್ತಿದ್ದೆ. ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದಂತೆ ಅವ್ವ ಸೌಟು ಹಿಡಿದೇ ನಗುತ್ತ ಎದುರು ಬಂದಳು. ಬಂದವಳು ಅಲ್ಲೇ ನಿಂತಳು. ಅವಳ ನಗು ಹೋಯಿತು.

"ಯಾಕವ್ವಾ? ವಾಸ್ನೆ ಬತ್ತದಾ?"

ಆಗ ನನಗೆ ಗೊತ್ತಾದದ್ದು. ನನ್ನ ಕೈ ತಾನಾಗಿ ಮೇಲೆ ಹೋಗಿತ್ತು. ಸೆರಗು ಮೂಗಿನ ಮೇಲಿತ್ತು, ಥೇಟು ಪದ್ಮಾವತಿಬಾಯಿ ಹಿಡಿಯುವ ಹಾಗೆ, ಎರಡು ಬೆರಳಿನ ನಡುವೆ. ತೆಗೆದು ನಕ್ಕೆ, ಧೂಳು ಅಂದೆ. ಅವ್ವ ನಂಬಲಿಲ್ಲ. ಕೂತು ಉಂಡೆ. ಉಸಿರು ಬಿಗಿಹಿಡಿದು ತಟ್ಟೆ ಬರಿದು ಮಾಡಿದೆ. ಅವ್ವ ಇನ್ನೊಂದು ಸೌಟು ಬಡಿಸಲಿಲ್ಲ. ಯಾವತ್ತೂ ಬೇಡವೆಂದರೂ ಬಡಿಸುವವಳು.

"ಇನ್ಮೇಲೆ ಬಂದಾಗ ಏನ್ ಮಾಡಾನ ನಿಂಗೆ?" ಎಂದು ಮಾತ್ರ ಕೇಳಿದಳು. ನಾನು ತಟ್ಟೆ ತೊಳೆಯಲು ಎತ್ತಿಕೊಂಡು ಎದ್ದೆ.

ವಾಪಸು ಬರುವಾಗ ಮುಧೋಳ ದಾಟಿದ ಮೇಲೆ ಕಾಕಂಬಿ ಮತ್ತೆ ಮುಖಕ್ಕೆ ಹೊಡೆಯಿತು. ಅದಕ್ಕೆ ನಾನು ಒಗ್ಗಿದ್ದೇನೆ ಎಂದು ಸುಳ್ಳು ಹೇಳಲಾರೆ. ಗುಟ್ಕಾ ಉಗುಳಿದವರಿಗೆ ಈಗಲೂ ಬೆಳಗಾಗೆದ್ದು ಶಾಪ ಹಾಕುತ್ತೇನೆ. ಬಸ್ಸಿನಲ್ಲಿ ಮತ್ತೆ ಸೆರಗು ಮೂಗಿಗೆ ಹೋಯಿತು. ಈ ಊರಿಗೂ ಅದೇ ಸೆರಗು, ತವರಿಗೂ ಅದೇ.

ಓಣಿಯಲ್ಲಿ ಪದ್ಮಾವತಿಬಾಯಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಬ್ಯಾಗು ಹಿಡಿದು ಹತ್ತಿರ ಬರುತ್ತಿದ್ದಂತೆ ಮೂಗು ಅರಳಿಸಿದರು, ಸೆರಗು ಎತ್ತಿದರು.

"ಯವ್ವಾ, ತವರಮನಿ ವಾಸನಿ ಹೊಡ್ಯಾಕತ್ತೈತಿ ನಿನಗ! ಮೊದಲ ಜಳಕಾ ಮಾಡಿ ಬಾ ಬೇ. ಆಮ್ಯಾಲ ಅಂಗಡಿಗೆ ಹೋಗು. ನಾಕ ಹೊಡಿಯಾಕ ಬಂತು."

ಆಕೆ ನನಗೆ ಬೇ ಅಂದದ್ದು ಅದೇ ಮೊದಲ ಸಲ. ಎಷ್ಟು ದಿನ ಕಾದಿದ್ದೆ ಆ ಮಾತಿಗೆ.

ಕೋಣೆಗೆ ಬಂದು ಕದ ಹಾಕಿಕೊಂಡು ಸೀರೆ ಬಿಚ್ಚಿ ಮೂಗಿಗೆ ಒತ್ತಿಕೊಂಡೆ. ಈ ಸಲ ಬಂತು. ಸ್ಪಷ್ಟವಾಗಿ ಬಂತು: ಮೊಟ್ಟೆ ಸಾರು, ಸೌದೆ ಹೊಗೆ, ಅವ್ವನ ಅಡುಗೆಮನೆ. ಹೊಟ್ಟೆ ತೊಳಸಿತು. ಆದರೂ ಮೂಗಿನಿಂದ ತೆಗೆಯಲು ಮನಸ್ಸಾಗಲಿಲ್ಲ. ಹೊರಗೆ ಡಬ್ಬಿಗಳ ಸದ್ದು ಕೇಳತೊಡಗಿತ್ತು, ಲೋಕೇಶ ಕೂಗುತ್ತಿದ್ದ. ತಲೆಗೆ ನೀರು ಹಾಕಿಕೊಂಡು ಜಳಕ ಮಾಡಿದೆ, ಬೇರೆ ಸೀರೆ ಉಟ್ಟು ಅಂಗಡಿಗೆ ಹೋದೆ. ಆ ಸೀರೆಯನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಿದ್ದೇನೆ. ಇನ್ನೂ ಒಗೆದಿಲ್ಲ.